ಓಪನ್ ಸೋರ್ಸ್ ಸಪೋರ್ಟ್‌ಗೆ ದುಡ್ಡು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಇಬ್ಬರು. ಬಸವನಗುಡಿಯಲ್ಲಿ ಮಹಡಿ ಮೇಲೊಂದು ಕೋಣೆ, ಎರಡು ಮೇಜು, ಒಂದು ಯುಪಿಎಸ್. ಲಿನಕ್ಸ್ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಇಆರ್‌ಪಿನೆಕ್ಸ್ಟ್ (ಬಿಲ್ಲು, ಸರಕು, ಲೆಕ್ಕ ನೋಡಿಕೊಳ್ಳುವ ಇಆರ್‌ಪಿ) ಇಂಥ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ಓದಿ, ಬದಲಾಯಿಸಿ, ಹಂಚಬಹುದಾದ ಸಾಫ್ಟ್‌ವೇರ್ ನಂಬಿ ವ್ಯಾಪಾರ ನಡೆಸುವ ಬೆಂಗಳೂರಿನ ಕಂಪನಿಗಳಿಗೆ ಸಪೋರ್ಟ್ ಕೊಡುವುದು ನಮ್ಮ ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ಅದೇ ಸಾಫ್ಟ್‌ವೇರ್‌ಗಳಿಗೆ ಪ್ಯಾಚ್ (ಕೋಡ್‌ನ ತಿದ್ದುಪಡಿ) ಬರೆಯುತ್ತೇವೆ. ಪೀಣ್ಯದಿಂದ ಬೊಮ್ಮಸಂದ್ರದವರೆಗೆ ಯಾರ ಆಫೀಸಿಗೆ ಹೋದರೂ ಮೊದಲ ಅರ್ಧ ಗಂಟೆ ಇವೇ ಪ್ರಶ್ನೆಗಳು. ತಂದಿಟ್ಟ ಕಾಫಿ ಆರಿಹೋಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇವೆ.

ಓಪನ್ ಸೋರ್ಸ್ ಅಂದ್ರೆ ಬಿಟ್ಟಿ ಅಲ್ವಾ? ಮತ್ತೆ ದುಡ್ಡು ಯಾತಕ್ಕೆ?

ಕಾಪಿ ಬಿಟ್ಟಿ. ಅದನ್ನು ನಿಮ್ಮ ಕಡೆ ನಿಂತು ನೋಡಿಕೊಳ್ಳುವ ಮನುಷ್ಯ ಬಿಟ್ಟಿ ಅಲ್ಲ.

ಇಂಗ್ಲಿಷಿನಲ್ಲಿ ‘ಫ್ರೀ’ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ. ಅದರಿಂದ ಅವರಲ್ಲಿ ಇದು ಹಳೇ ಗಲಾಟೆ. ನಮ್ಮಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಆದರೂ ನಾವು ‘ಫ್ರೀ ಸಾಫ್ಟ್‌ವೇರ್’ ಅಂತಲೇ ಹೇಳಿಕೊಂಡು, ನಮ್ಮಲ್ಲಿ ಇಲ್ಲದ ಗೊಂದಲವನ್ನು ಸಾಲ ತಂದುಕೊಂಡೆವು.

ಹಣ ತೆಗೆದುಕೊಳ್ಳುವುದು ಲೈಸೆನ್ಸ್‌ಗೆ ವಿರುದ್ಧವೂ ಅಲ್ಲ. ಲಿನಕ್ಸ್ ಕೂಡ ಬಳಸುವ ಜಿಪಿಎಲ್ ಅನ್ನುವ ಲೈಸೆನ್ಸ್‌ನ 1991ರ ಎರಡನೇ ಆವೃತ್ತಿಯಲ್ಲೇ, ಬೇಕಿದ್ದರೆ ವಾರಂಟಿ ಕೊಟ್ಟು ಅದಕ್ಕೆ ಶುಲ್ಕ ಪಡೆಯಬಹುದು ಎಂದು ಬರೆದಿದೆ. ಅದೇ ಲೈಸೆನ್ಸ್‌ನ ಕೊನೆಗೆ, ಈ ಪ್ರೋಗ್ರಾಂಗೆ ಯಾವ ವಾರಂಟಿಯೂ ಇಲ್ಲ ಅಂತ ದೊಡ್ಡಕ್ಷರದಲ್ಲಿ ಇದೆ. ಅದನ್ನು ಯಾರೂ ಓದುವುದಿಲ್ಲ. ಓದಿದವರು ನಮಗೆ ಬೇಗ ಫೋನ್ ಮಾಡುತ್ತಾರೆ.

ಇದೇನು ಹೊಸ ವ್ಯಾಪಾರವೂ ಅಲ್ಲ. 1985ರಲ್ಲೇ, ಮುಕ್ತ ತಂತ್ರಾಂಶ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಇಮ್ಯಾಕ್ಸ್ ಅನ್ನುವ ಎಡಿಟರ್ ಇರುವ ಟೇಪನ್ನು 150 ಡಾಲರ್‌ಗೆ ಮಾರುತ್ತಿದ್ದರು. ಇಂಟರ್ನೆಟ್ ಇದ್ದವರಿಗೆ ಅದೇ ಪ್ರೋಗ್ರಾಂ ಪುಕ್ಕಟೆ. 1989ರಲ್ಲಿ ಸಿಗ್ನಸ್ ಅನ್ನುವ ಕಂಪನಿ ಮುಕ್ತ ತಂತ್ರಾಂಶಕ್ಕೆ ಸಪೋರ್ಟ್ ಕೊಡುವುದನ್ನೇ ಕಸುಬು ಮಾಡಿಕೊಂಡು ಶುರುವಾಯಿತು. ಹತ್ತು ವರ್ಷದ ಮೇಲೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಅದನ್ನು ಕೊಂಡಿತು. 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟ್ ಅನ್ನೇ ಕೊಂಡಿತು. ಬಿಟ್ಟಿ ಸಿಗುವುದರ ಸುತ್ತ ಇಷ್ಟು ದುಡ್ಡು ಇದೆ ಅಂದ ಮೇಲೆ, ಮಾರಾಟ ಆಗುತ್ತಿರುವುದು ಕೋಡ್ ಅಲ್ಲ ಅಂತ ಆಯಿತಲ್ಲ.

ನಿಮ್ಮ ಬಿಲ್ಡಿಂಗ್‌ನ ಲಿಫ್ಟ್‌ಗೆ, ಎಸಿಗೆ, ಯುಪಿಎಸ್‌ಗೆ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಇದೆ. ದಿನಕ್ಕೆ ಐನೂರು ಬಿಲ್ ಹೊಡೆಯುವ ಸರ್ವರ್‌ಗೆ ಮಾತ್ರ ಇಲ್ಲ. ನಾವು ಕೇಳುತ್ತಿರುವುದು ಅದನ್ನೇ.

ಸರಿ, ಕೊಟ್ಟ ದುಡ್ಡಿಗೆ ಏನು ಸಿಗುತ್ತೆ?

ಒಂದು ಕೆಲಸವನ್ನು ಹತ್ತಿರದಿಂದ ತೋರಿಸಿದರೆ ಸುಲಭ.

ಚಾಮರಾಜಪೇಟೆಯ ಒಬ್ಬ ಸಗಟು ವ್ಯಾಪಾರಿಯ ಬಿಲ್‌ನಲ್ಲಿ ಗ್ರಾಹಕರ ಹೆಸರು ಕನ್ನಡದಲ್ಲಿ ಬರಬೇಕಿತ್ತು. ಸ್ಕ್ರೀನ್ ಮೇಲೆ ‘ಕೃಷ್ಣಮೂರ್ತಿ’ ಸರಿಯಾಗಿಯೇ ಕಾಣುತ್ತಿತ್ತು. ಪಿಡಿಎಫ್‌ಗೆ ಹೋದ ತಕ್ಷಣ ಷ ಪಕ್ಕದಲ್ಲಿ ಣ ಬೇರೆಯಾಗಿ ನಿಲ್ಲುತ್ತಿತ್ತು, ಅರ್ಕಾವತ್ತು ಮಾಯವಾಗಿ ‘ರ್’ ಅಂತ ಒಂಟಿಯಾಗಿ ಮೊದಲೇ ಬಂದುಬಿಡುತ್ತಿತ್ತು. ಹಿಂದೆ ಯಾರೋ ಒಬ್ಬರು ಇದಕ್ಕೆ ಒಂದು ಉಪಾಯ ಮಾಡಿ ಕೊಟ್ಟಿದ್ದರು. ಹೆಸರನ್ನು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆ ಆಸ್ಕಿ ಫಾಂಟ್‌ಗೆ ಬದಲಾಯಿಸಿ ಪ್ರಿಂಟ್ ಮಾಡುವುದು. ನೋಡಲು ಚೆನ್ನಾಗಿತ್ತು. ಆದರೆ ಪಿಡಿಎಫ್‌ನಲ್ಲಿ ಹೆಸರು ಹುಡುಕಿದರೆ ಸಿಗುತ್ತಿರಲಿಲ್ಲ. ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಸಾಫ್ಟ್‌ವೇರ್ ಅಪ್‌ಗ್ರೇಡ್ ಆದಾಗಲೆಲ್ಲ ಆ ಉಪಾಯ ಮುರಿದು ಬೀಳುತ್ತಿತ್ತು. ಪ್ರತಿ ಸಲ ಅವರಿಗೇ ಫೋನ್, ಪ್ರತಿ ಸಲ ಹೊಸ ಬಿಲ್.

ಅಸಲಿ ತೊಂದರೆ ಇಷ್ಟೇ. ಕನ್ನಡದಲ್ಲಿ ಕಂಪ್ಯೂಟರ್ ಒಳಗೆ ಅಕ್ಷರಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಯಾವುದು ಒತ್ತಾಗಿ ಕೆಳಗೆ ಇಳಿಯಬೇಕು, ಯಾವ ರಕಾರ ಅರ್ಕಾವತ್ತಾಗಿ ಮುಂದೆ ಹಾರಬೇಕು ಅಂತ ಲೆಕ್ಕ ಹಾಕಿ ಜೋಡಿಸಲು ಬೇರೆ ಒಂದು ಲೈಬ್ರರಿ (ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್) ಬೇಕು. ಅದರ ಹೆಸರು ಹಾರ್ಫ್‌ಬಜ್. ನಿಮ್ಮ ಆಂಡ್ರಾಯ್ಡ್ ಫೋನ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದೇ ಇದೆ. ಅದೂ ಓಪನ್ ಸೋರ್ಸ್. ಈ ವ್ಯಾಪಾರಿ ಬಳಸುತ್ತಿದ್ದ ಪಿಡಿಎಫ್ ಲೈಬ್ರರಿ ಅದನ್ನು ಕರೆಯುತ್ತಲೇ ಇರಲಿಲ್ಲ.

ನಾವು ಪ್ಯಾಚ್ ಬರೆದು, ಜೊತೆಗೆ ನಲವತ್ತು ಕನ್ನಡ ಹೆಸರುಗಳ ಟೆಸ್ಟ್ ಸೇರಿಸಿ, ಆ ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್‌ಗೆ ಕಳಿಸಿದೆವು. ಅವರು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಒಪ್ಪಿದರು. ಬರೆಯಲು ಹಿಡಿದದ್ದು ಎರಡು ದಿನ, ಒಪ್ಪಿಸಲು ಹಿಡಿದದ್ದು ಮೂರು ವಾರ. ನಮ್ಮ ಕೆಲಸದಲ್ಲಿ ಇದು ಮಾಮೂಲು.

ಈಗ ಆ ತಿದ್ದುಪಡಿ ಮೂಲ ಸಾಫ್ಟ್‌ವೇರ್‌ನಲ್ಲೇ ಇದೆ. ಅಪ್‌ಗ್ರೇಡ್ ಆದರೂ ಮುರಿಯುವುದಿಲ್ಲ. ವ್ಯಾಪಾರಿ ಅದಕ್ಕೆ ಇನ್ನೊಮ್ಮೆ ದುಡ್ಡು ಕೊಟ್ಟಿಲ್ಲ. ಪ್ರಾಜೆಕ್ಟ್‌ನ ಒಳಗಿನವರಿಗೆ ದುಡ್ಡು ಕೊಡುವುದಕ್ಕೂ ಹೊರಗಿನಿಂದ ತೇಪೆ ಹಾಕಿಸುವುದಕ್ಕೂ ಇರುವ ವ್ಯತ್ಯಾಸ ನನಗೆ ಕಂಡಂತೆ ಇದೊಂದೇ. ಉಳಿದದ್ದೆಲ್ಲ ಫೋನ್ ಎತ್ತುವ ಸೌಜನ್ಯ.

ನಮ್ಮ ಐಟಿ ಹುಡುಗ ಇದ್ದಾನೆ. ಗೊತ್ತಾಗದಿದ್ದರೆ ಎಐ ಕೇಳ್ತಾನೆ. ಸಾಲದಾ?

ಬಹಳಷ್ಟು ಸಲ ಸಾಕು. ಪ್ರಿಂಟರ್, ಬ್ಯಾಕಪ್, ಹೊಸ ಯೂಸರ್, ಪಾಸ್‌ವರ್ಡ್ ಇದಕ್ಕೆಲ್ಲ ನಮ್ಮನ್ನು ಕರೆಯಬೇಡಿ, ದುಬಾರಿ ಆಗುತ್ತದೆ. ಅವನನ್ನು ಬಿಡಿಸಿ ನಮ್ಮನ್ನು ಇಟ್ಟುಕೊಳ್ಳಿ ಅಂತ ನಾವು ಯಾವತ್ತೂ ಹೇಳಿಲ್ಲ.

ಸಾಲದೆ ಹೋದ ಒಂದು ದಿನದ ಕತೆ ಕೇಳಿ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್ ಕಡೆಯ ಒಂದು ಬಿಡಿಭಾಗ ಕಂಪನಿ. ಡೇಟಾಬೇಸ್ ಸರ್ವರ್‌ನ ಡಿಸ್ಕ್ ತುಂಬುತ್ತಾ ಬಂತು. ಹುಡುಗ ಎಐ ಕೇಳಿದ. ಅದು ‘ವ್ಯಾಕ್ಯೂಮ್ ಫುಲ್’ ಕೊಡು, ಜಾಗ ಬಿಡುಗಡೆ ಆಗುತ್ತೆ ಅಂದಿತು. ಮಾತು ಸುಳ್ಳಲ್ಲ. ಆದರೆ ಆ ಕಮಾಂಡ್ ಟೇಬಲ್ (ಡೇಟಾಬೇಸ್‌ನ ದಾಖಲೆ ಪಟ್ಟಿ) ಅನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ. ಅದಕ್ಕೆ ಇನ್ನೊಂದು ಕಾಪಿಯಷ್ಟು ಖಾಲಿ ಜಾಗ ಬೇಕು. ಮುಗಿಯುವವರೆಗೆ ಆ ಟೇಬಲ್ ಅನ್ನು ಬೇರೆ ಯಾರೂ ಓದಲೂ ಆಗುವುದಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಡಿಸ್ಪ್ಯಾಚ್ ಜೋರಾಗಿ ನಡೆಯುವಾಗ, ಅವನು ಎಂಟರ್ ಒತ್ತಿದ. ಬಿಲ್ಲಿಂಗ್ ನಿಂತಿತು. ಹತ್ತು ನಿಮಿಷಕ್ಕೆ ಇದ್ದ ಚೂರು ಜಾಗವೂ ಮುಗಿದು ಸರ್ವರ್ರೇ ಮಲಗಿತು.

ನಿಜವಾದ ಕಾರಣ ಟೇಬಲ್ ಆಗಿರಲೇ ಇಲ್ಲ. ಆರು ತಿಂಗಳ ಹಿಂದೆ ಒಂದು ಹಳೆ ರೆಪ್ಲಿಕಾ (ನಕಲು) ಸರ್ವರ್ ಅನ್ನು ತೆಗೆದುಹಾಕಿದ್ದರು. ಅದರ ಹೆಸರಿನ ರೆಪ್ಲಿಕೇಶನ್ ಸ್ಲಾಟ್, ಅಂದರೆ ಆ ನಕಲಿಗೆ ಎಲ್ಲಿಯವರೆಗೆ ಕಳಿಸಿದೆ ಅನ್ನುವ ಗುರುತು, ಮಾತ್ರ ಹಾಗೇ ಉಳಿದಿತ್ತು. ಆ ಸರ್ವರ್ ಒಂದು ದಿನ ವಾಪಸ್ ಬಂದು ಕೇಳಬಹುದು ಅಂತ ಪೋಸ್ಟ್‌ಗ್ರೆಸ್ ಪಾಪ, ಪ್ರತಿ ಬದಲಾವಣೆಯನ್ನು ಬರೆದಿಡುವ ಎಲ್ಲ ‘ವಾಲ್’ ಫೈಲ್‌ಗಳನ್ನೂ ಎತ್ತಿಟ್ಟುಕೊಂಡು ಕಾಯುತ್ತಿತ್ತು. ಡಿಸ್ಕ್ ಸ್ವಲ್ಪ ದೊಡ್ಡದು ಮಾಡಿ, ಸರ್ವರ್ ಎಬ್ಬಿಸಿ, ಆ ಸ್ಲಾಟ್ ತೆಗೆದೆವು. ಜಾಗ ತಾನಾಗಿಯೇ ಬಂತು. ಇಪ್ಪತ್ತು ನಿಮಿಷದ ಕೆಲಸ.

ಆ ಹುಡುಗನ ಪುಣ್ಯ, ‘ವಾಲ್’ ಫೋಲ್ಡರ್ ಅನ್ನು ಕೈಯಿಂದ ಅಳಿಸಿರಲಿಲ್ಲ. ಅಳಿಸಿದ್ದರೆ ಡೇಟಾನೇ ಹೋಗುತ್ತಿತ್ತು. ಆ ಫೋಲ್ಡರ್‌ಗೆ ಮೊದಲು ಇದ್ದ ಹೆಸರಿನಲ್ಲಿ ‘ಲಾಗ್’ ಅಂತ ಇತ್ತು. ಸುಮ್ನೆ ಲಾಗ್ ಫೈಲ್ ಇರಬೇಕು ಅಂತ ಅಳಿಸಿದವರು ಎಷ್ಟೋ ಜನ. ಅದಕ್ಕೇ 2017ರ ಹತ್ತನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಾಯಿಸಿದರು. ಇಂಥದ್ದು ತಲೆಯಲ್ಲಿ ಇರುವವರು ಆ ಹನ್ನೊಂದು ಗಂಟೆಗೆ ನಿಮ್ಮ ಫೋನ್‌ನ ಆ ಕಡೆ ಇರಬೇಕು.

ಕೋಡ್ ಬರೆದವರಿಗೇ ಕೊಡಬೇಕಾ? ಇಲ್ಲಾ ಯಾವುದಾದರೂ ಸರ್ವಿಸ್ ಕಂಪನಿ ಸಾಕಾ?

ಬರೆದವರು ಸಿಕ್ಕರೆ ಅವರೇ ಮೇಲು. ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ಕರ್ಲ್ ಅನ್ನುವ ಪ್ರೋಗ್ರಾಂ ಬರೆದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 2019ರಿಂದ ವುಲ್ಫ್‌ಎಸ್‌ಎಸ್‌ಎಲ್ ಕಂಪನಿಯಲ್ಲಿದ್ದುಕೊಂಡು ಕರ್ಲ್‌ಗೆ ದುಡ್ಡಿನ ಸಪೋರ್ಟ್ ಕೊಡುತ್ತಾರೆ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಯಾರ ಸೊತ್ತೂ ಅಲ್ಲ, ಅದಕ್ಕೆ ಕಾಪಿರೈಟೇ ಇಲ್ಲ. ಆದರೂ ಅದನ್ನು ಬರೆದವರು ವಾರ್ಷಿಕ ಸಪೋರ್ಟ್ ಮಾರುತ್ತಾರೆ.

ಸ್ಟೆನ್‌ಬರ್ಗ್ ಅವರ ಒಂದು ಪ್ರಸಂಗ ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಜಾವಾ ಲೈಬ್ರರಿಯಲ್ಲಿ ದೊಡ್ಡ ತೂತು ಸಿಕ್ಕಿತು. ಮುಂದಿನ ತಿಂಗಳು ಒಂದು ದೈತ್ಯ ಕಂಪನಿ ಅವರಿಗೆ ಮೇಲ್ ಕಳಿಸಿತು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಲಾಗ್4ಜೆ ಇದೆಯಾ, ಏನು ಕ್ರಮ ತೆಗೆದುಕೊಂಡಿರಿ, 24 ಗಂಟೆಯಲ್ಲಿ ಉತ್ತರ ಕೊಡಿ ಅಂತ. ಕರ್ಲ್ ಇರುವುದು ಸಿ ಭಾಷೆಯಲ್ಲಿ, ಜಾವಾಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಕಂಪನಿ ಅವರಿಗೆ ಒಂದು ಕಾಸೂ ಕೊಟ್ಟಿರಲಿಲ್ಲ. ಸಪೋರ್ಟ್ ಒಪ್ಪಂದಕ್ಕೆ ಸಹಿ ಆದ ಕೂಡಲೇ ಸಂತೋಷವಾಗಿ ಉತ್ತರಿಸುತ್ತೇನೆ ಅಂತ ಅವರು ಬರೆದರು. ನಮ್ಮ ಊರಿನಲ್ಲೂ ಇಂಥ ಮೇಲ್‌ಗಳು ಬರುತ್ತವೆ. ನಮ್ಮ ಧೈರ್ಯ ಇನ್ನೂ ಅಷ್ಟು ಬೆಳೆದಿಲ್ಲ.

ಬರೆದವರು ಸಿಗದಿದ್ದರೆ ಆ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದವರನ್ನು ಹುಡುಕಿ. ಪೋಸ್ಟ್‌ಗ್ರೆಸ್‌ನವರೇ ಸಪೋರ್ಟ್ ಕೊಡುವ ಕಂಪನಿಗಳ ಪಟ್ಟಿ ಇಟ್ಟಿದ್ದಾರೆ. ಡೆಬಿಯನ್ ಅನ್ನುವ ಲಿನಕ್ಸ್‌ನವರು ದೇಶವಾರು ಸಲಹೆಗಾರರ ಪಟ್ಟಿ ಇಟ್ಟಿದ್ದಾರೆ. ಸರ್ವಿಸ್ ಕಂಪನಿ ಆದರೂ ತಪ್ಪಿಲ್ಲ. ಒಂದೇ ಪ್ರಶ್ನೆ ಕೇಳಿ: ಈ ಸಾಫ್ಟ್‌ವೇರ್‌ಗೆ ನಿಮ್ಮವರು ಕಳಿಸಿದ, ಅವರು ಒಪ್ಪಿಕೊಂಡ ಎರಡು ಪ್ಯಾಚ್ ತೋರಿಸಿ. ಕೋಡ್ ಎಲ್ಲರ ಕಣ್ಣ ಮುಂದೆ ಇರುತ್ತೆ, ಸುಳ್ಳು ಹೇಳಲು ಆಗಲ್ಲ. ಆ ಪ್ರಶ್ನೆಗೆ ಪವರ್‌ಪಾಯಿಂಟ್ ತೆರೆದರೆ ನಮಸ್ಕಾರ ಹೇಳಿ ಕಳಿಸಿ.

ಡೊನೇಶನ್ ಕೊಟ್ಟರೆ ಸಾಲದಾ?

ಕೊಡಿ, ಒಳ್ಳೆಯದೇ. ಆದರೆ ಡೊನೇಶನ್ ಕೊಟ್ಟ ಮಾತ್ರಕ್ಕೆ ಫೋನ್ ಮಾಡಿ ಬೈಯುವ ಹಕ್ಕು ಇರುವುದಿಲ್ಲ. ಸಪೋರ್ಟ್ ಒಪ್ಪಂದ ಇದ್ದರೆ ಇರುತ್ತದೆ.

2014ರ ಏಪ್ರಿಲ್‌ನಲ್ಲಿ, ಇಂಟರ್ನೆಟ್ಟಿನಲ್ಲಿ ಹೋಗುವ ಡೇಟಾಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೋಷ ಬಯಲಾಯಿತು. ಪ್ರಪಂಚದ ಬ್ಯಾಂಕು, ಅಂಗಡಿ, ಮೇಲ್ ಎಲ್ಲ ನಂಬಿಕೊಂಡಿದ್ದ ಆ ಪ್ರಾಜೆಕ್ಟ್‌ಗೆ ಅಲ್ಲಿಯವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಹುಂಡಿಯನ್ನು ನಂಬಿಕೊಂಡು ಇಂಥ ಕೆಲಸ ನಡೆಯಲ್ಲ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ದೊಡ್ಡ ಕಂಪನಿಗಳು ಆಮೇಲೆ ಹಣ ಸೇರಿಸಿದವು.

ನಮ್ಮ ಬೆಂಗಳೂರಿನದೇ ಒಳ್ಳೆಯ ಉದಾಹರಣೆ ಇದೆ. ಷೇರು ಬ್ರೋಕರ್ ಕಂಪನಿ ಝೆರೋಧಾ 2024ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ನ ಒಂದು ನಿಧಿ ಶುರು ಮಾಡಿತು. ಪ್ರಪಂಚದ ಯಾವ ಮೂಲೆಯ ಓಪನ್ ಸೋರ್ಸ್ ಪ್ರಾಜೆಕ್ಟ್ ಆದರೂ ಅರ್ಜಿ ಹಾಕಬಹುದು. ಆದರೆ ಅದು ಅನುದಾನ. ಅಷ್ಟು ದೊಡ್ಡ ಮನಸ್ಸು, ಅಷ್ಟು ದೊಡ್ಡ ಜೇಬು ಎಲ್ಲರಿಗೂ ಇರಬೇಕಿಲ್ಲ. ನಿಮಗೆ ಬೇಕಾದ್ದಕ್ಕೆ, ನಿಮ್ಮ ಲೆಕ್ಕದಲ್ಲಿ, ಇನ್‌ವಾಯ್ಸ್ ಪಡೆದು ಕೊಟ್ಟರೂ ಆ ಹಣ ಕೊನೆಗೆ ಅದೇ ಡೆವಲಪರ್ ಮನೆಯ ಅಕ್ಕಿ ಬೇಳೆಗೇ ಹೋಗುತ್ತದೆ. ಇನ್‌ವಾಯ್ಸ್ ಇದ್ದರೆ ನಿಮ್ಮ ಆಡಿಟರ್‌ಗೂ ಸಮಾಧಾನ.

ಎಷ್ಟಾಗುತ್ತೆ?

ಮೂರು ಥರ ಇದೆ. ಗಂಟೆ ಲೆಕ್ಕ, ಗಂಟೆಗಳ ಪ್ಯಾಕೆಟ್, ವರ್ಷದ ಒಪ್ಪಂದ. ಮೊದಲ ಸಲ ಬಂದವರಿಗೆ ನಾವು ಹತ್ತು ಗಂಟೆಯ ಪ್ಯಾಕೆಟ್ ತೆಗೆದುಕೊಳ್ಳಿ ಅನ್ನುತ್ತೇವೆ. ರಾತ್ರಿ ಹತ್ತರ ಮೇಲೆ ಒಂದು ಗಂಟೆಗೆ ಎರಡು ಗಂಟೆ ಲೆಕ್ಕ. ಉಳಿದ ಗಂಟೆ ಮುಂದಿನ ಮೂರು ತಿಂಗಳಿಗೆ ಹೋಗುತ್ತದೆ, ಅದಾದ ಮೇಲೆ ಇಲ್ಲ.

ಜಾಸ್ತಿ ಆಯ್ತು ಅನ್ನುವವರಿಗೆ ಒಂದು ಲೆಕ್ಕ ಹಾಕಲು ಹೇಳುತ್ತೇವೆ. ಬಿಲ್ಲಿಂಗ್ ಒಂದು ದಿನ ನಿಂತರೆ ಎಷ್ಟು ಲಾರಿ ಗೇಟಿನ ಹೊರಗೆ ನಿಲ್ಲುತ್ತವೆ? ಪ್ರತಿ ಲಾರಿಗೆ ವೇಟಿಂಗ್ ಚಾರ್ಜ್ ಎಷ್ಟು? ಆ ಕಾಗದ ನೋಡಿದ ಮೇಲೆ ಚೌಕಾಸಿ ಮಾಡೋಣ. ಚೌಕಾಸಿಗೆ ನಮ್ಮದೇನೂ ಅಡ್ಡಿಯಿಲ್ಲ, ಚಿಕ್ಕಪೇಟೆ ಪಕ್ಕದಲ್ಲೇ ಬೆಳೆದವರು ನಾವು.

ಜಿಎಸ್‌ಟಿ, ಟಿಡಿಎಸ್ ಹೇಗೆ?

ಜಿಎಸ್‌ಟಿ 18 ಪರ್ಸೆಂಟ್. ಒಬ್ಬನೇ ಕೆಲಸ ಮಾಡುವ ಡೆವಲಪರ್‌ನ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಅವನಿಗೆ ನೋಂದಣಿ ಬೇಕಿಲ್ಲ. ಬಿಲ್‌ನಲ್ಲಿ ಜಿಎಸ್‌ಟಿ ಇಲ್ಲ ಅಂತ ಅನುಮಾನ ಪಡಬೇಡಿ.

ಟಿಡಿಎಸ್‌ನಲ್ಲಿ ಜಗಳ ಇರುವುದು 2 ಪರ್ಸೆಂಟಾ, 10 ಪರ್ಸೆಂಟಾ ಅಂತ. ತಾಂತ್ರಿಕ ಸೇವೆಗೆ 2, ವೃತ್ತಿಪರ ಸೇವೆಗೆ 10. ಸಪೋರ್ಟ್ ಯಾವುದು ಅಂತ ನಿಮ್ಮ ಆಡಿಟರ್ ಮತ್ತು ನಮ್ಮ ಆಡಿಟರ್ ಇಬ್ಬರೂ ಫೋನ್‌ನಲ್ಲಿ ಮಾತಾಡಿಕೊಳ್ಳಲಿ, ನಾವು ಮಧ್ಯೆ ಬರುವುದಿಲ್ಲ. ಎರಡು ವಿಷಯ ಮಾತ್ರ ನೆನಪಿರಲಿ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬಾರದು. ಹಿಡಿದದ್ದನ್ನು ಕಟ್ಟಬೇಕು. ಹಿಡಿದು ಕಟ್ಟದೇ ಇದ್ದವರನ್ನೂ ನೋಡಿದ್ದೇವೆ.

ಡೆವಲಪರ್ ಹೊರದೇಶದವರಾದರೆ ರಿವರ್ಸ್ ಚಾರ್ಜ್‌ನಲ್ಲಿ ಜಿಎಸ್‌ಟಿ ನೀವೇ ಕಟ್ಟಬೇಕು. ಬ್ಯಾಂಕಿನಲ್ಲಿ ಫಾರ್ಮ್‌ಗಳಿವೆ. ಆಡಿಟರ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ನಮ್ಮ ಪೇಮೆಂಟ್ 90 ದಿನಕ್ಕೆ. ಒಪ್ಪಿಗೆನಾ?

ಇಲ್ಲ. ನಾವು ಉದ್ಯಮ್ (ಸರ್ಕಾರದ ಸಣ್ಣ ಉದ್ಯಮಗಳ) ನೋಂದಣಿ ಮಾಡಿಸಿದ್ದೇವೆ. ಕಾನೂನಿನ ಪ್ರಕಾರ ಇಂಥ ಸಣ್ಣ ಘಟಕಗಳಿಗೆ, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕಾಗುತ್ತದೆ. ಮಾರ್ಚ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಹಳೆ ಬಿಲ್‌ಗಳೆಲ್ಲ ಪಾಸಾಗುವುದು ಇದೇ ಕಾರಣಕ್ಕೆ ಅಂತ ನಮ್ಮ ಗುಮಾನಿ.

ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ?

ವರ್ಷದ ಒಪ್ಪಂದ ಇದ್ದರೆ ಫೋನ್ ಎತ್ತುತ್ತೇವೆ. ಎಷ್ಟು ಹೊತ್ತಿನಲ್ಲಿ ಎತ್ತುತ್ತೇವೆ ಅಂತ ಬರೆದು ಕೊಡುತ್ತೇವೆ. ಎಷ್ಟು ಹೊತ್ತಿನಲ್ಲಿ ಸರಿ ಮಾಡುತ್ತೇವೆ ಅಂತ ಬರೆದು ಕೊಡುವುದಿಲ್ಲ. ಯಾರಾದರೂ ಹಾಗೆ ಬರೆದು ಕೊಟ್ಟರೆ ಅವರು ಸಣ್ಣಕ್ಷರದಲ್ಲಿ ಏನು ಬರೆದಿದ್ದಾರೆ ನೋಡಿ.

ಇಬ್ಬರೂ ಒಂದೇ ಸಲ ಊರಿಗೆ ಹೋಗುವುದಿಲ್ಲ. ಗೌರಿ ಗಣೇಶನ ಹಬ್ಬಕ್ಕೆ ಒಬ್ಬರು, ದಸರಾಕ್ಕೆ ಇನ್ನೊಬ್ಬರು. ಈ ಹಂಚಿಕೆಗೆ ಮನೆಯಲ್ಲಿ ಅನುಭವಿಸಿದ್ದು ಬೇರೆಯೇ ಕತೆ.

ನೀವು ಅಂಗಡಿ ಮುಚ್ಚಿಕೊಂಡು ಹೋದರೆ ನಮ್ಮ ಗತಿ?

ಇದು ಸರಿಯಾದ ಪ್ರಶ್ನೆ, ಮತ್ತು ಇದನ್ನು ಜನ ಕಡಿಮೆ ಕೇಳುತ್ತಾರೆ.

ಕೋಡ್ ನಿಮ್ಮ ಹತ್ತಿರವೇ ಇರುತ್ತೆ. ನಾವು ಹೋದರೂ ಬೇರೆಯವರು ಅದನ್ನು ತೆರೆದು ಓದಬಹುದು. ನಾವು ಮಾಡಿದ ಪ್ರತಿ ಬದಲಾವಣೆಗೂ ಒಂದು ಟಿಪ್ಪಣಿ ಬರೆದು ನಿಮ್ಮ ಸರ್ವರ್‌ನಲ್ಲೇ ಇಡುತ್ತೇವೆ. ಪಾಸ್‌ವರ್ಡ್‌ಗಳು ನಿಮ್ಮ ಹೆಸರಿನಲ್ಲಿ, ಡೊಮೈನ್ ನಿಮ್ಮ ಹೆಸರಿನಲ್ಲಿ. ಡೊಮೈನ್ ತಮ್ಮ ಹೆಸರಲ್ಲಿ ತೆಗೆದುಕೊಂಡು ಕಂಪನಿಯನ್ನು ಆಟ ಆಡಿಸಿದವರ ಕತೆ ಬೆಂಗಳೂರಿನಲ್ಲಿ ಗಲ್ಲಿಗೊಂದು ಸಿಗುತ್ತದೆ.

ಸಾಫ್ಟ್‌ವೇರ್‌ಗೂ ವಯಸ್ಸಾಗುತ್ತದೆ. ಸೆಂಟ್‌ಒಎಸ್ 7 ಅನ್ನುವ ಲಿನಕ್ಸ್‌ನ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಅದರ ಮೇಲೆ ಈಗಲೂ ಬಿಲ್ ಹೊಡೆಯುತ್ತಿರುವ ಕಂಪನಿಗಳು ನಮಗೆ ಗೊತ್ತು. ಎಷ್ಟೋ ಇಆರ್‌ಪಿಗಳು ಪಿಡಿಎಫ್ ಮಾಡಲು ಬಳಸುವ ಡಬ್ಲ್ಯುಕೆ‌ಎಚ್‌ಟಿಎಂಎಲ್‌ಟುಪಿಡಿಎಫ್ 2023ರಲ್ಲೇ ನಿಂತುಹೋಯಿತು. ಪೋಸ್ಟ್‌ಗ್ರೆಸ್‌ನ ಒಂದೊಂದು ದೊಡ್ಡ ಆವೃತ್ತಿಗೆ ಐದು ವರ್ಷ. ಈ ತಾರೀಖುಗಳ ಕ್ಯಾಲೆಂಡರ್ ಇಟ್ಟುಕೊಂಡು ಒಂದು ವರ್ಷ ಮೊದಲೇ ನಿಮ್ಮ ತಲೆ ತಿನ್ನುವುದು ಕೂಡ ಸಪೋರ್ಟ್‌ನಲ್ಲಿ ಸೇರಿದೆ.

ದುಡ್ಡು ಕೊಟ್ಟಿದ್ದೇವೆ ಅಂದ ಮೇಲೆ ನಾವು ಹೇಳಿದ ಫೀಚರ್ ಹಾಕಲೇಬೇಕಲ್ವಾ?

ನಿಮ್ಮ ಕಾಪಿಯಲ್ಲಿ ಏನು ಬೇಕಾದರೂ ಹಾಕಿ ಕೊಡುತ್ತೇವೆ. ಮೂಲ ಪ್ರಾಜೆಕ್ಟ್‌ನಲ್ಲಿ ಹಾಕಬೇಕೋ ಬೇಡವೋ ಅನ್ನುವುದು ಅಲ್ಲಿನ ಮೇಂಟೇನರ್‌ಗಳ ತೀರ್ಮಾನ. ಛತ್ರಕ್ಕೆ ಬಾಡಿಗೆ ಕೊಟ್ಟವರು ಗೋಡೆ ಒಡೆಸುವ ಹಾಗಿಲ್ಲ.

ಒಪ್ಪಂದದಲ್ಲಿ ಒಂದು ಸಾಲು ಕಡ್ಡಾಯವಾಗಿ ಹಾಕುತ್ತೇವೆ: ಎಲ್ಲರಿಗೂ ಉಪಯೋಗ ಆಗುವ ತಿದ್ದುಪಡಿಯನ್ನು ಮೂಲ ಪ್ರಾಜೆಕ್ಟ್‌ಗೆ ಕಳಿಸುತ್ತೇವೆ, ನಿಮ್ಮ ಡೇಟಾ, ದರಪಟ್ಟಿ, ವ್ಯಾಪಾರದ ಲೆಕ್ಕಾಚಾರ ಹೊರಗೆ ಹೋಗುವುದಿಲ್ಲ. ನಾವು ಕಾಸು ಕೊಟ್ಟು ಮಾಡಿಸಿದ್ದು ಪಕ್ಕದ ಅಂಗಡಿಯವನಿಗೂ ಸಿಗುತ್ತಲ್ಲ ಅಂತ ಕೆಲವರಿಗೆ ಹೊಟ್ಟೆಯುರಿ. ಸಿಗುತ್ತೆ, ನಿಜ. ಪಕ್ಕದ ಅಂಗಡಿಯವನು ಮಾಡಿಸಿದ್ದು ನಿಮಗೂ ಸಿಕ್ಕಿದೆ, ಅದು ನಿಮಗೆ ಗೊತ್ತಾಗಿಲ್ಲ ಅಷ್ಟೇ.

ಗುಟ್ಟು ಕಾಪಾಡ್ತೀರಾ?

ಎನ್‌ಡಿಎಗೆ (ಗುಟ್ಟು ಕಾಪಾಡುವ ಒಪ್ಪಂದ) ಸಹಿ ಹಾಕುತ್ತೇವೆ. ಸಾಧ್ಯವಾದಷ್ಟು ಅಸಲಿ ಡೇಟಾ ಮುಟ್ಟುವುದೇ ಇಲ್ಲ. ಇನ್ನೊಂದು ಮಾತು: 2022ರ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ಆದೇಶದ ಪ್ರಕಾರ ಹ್ಯಾಕ್‌ನಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಅದನ್ನು ಮುಚ್ಚಿಡಿ ಅಂತ ನಮಗೆ ಹೇಳಬೇಡಿ.

ಕನ್ನಡದಲ್ಲಿ ಮಾತಾಡ್ತೀರಾ?

ಮಾತಾಡುತ್ತೇವೆ. ಟಿಕೆಟ್ (ದೂರು) ಕೂಡ ಕನ್ನಡದಲ್ಲೇ ಬರೆಯಬಹುದು. ಬಿಲ್ಲಿಂಗ್ ಕೌಂಟರ್‌ನ ಅಕ್ಕ ‘ಸೇವ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ, ಆದ್ರೆ ಬೆಳಿಗ್ಗೆ ಹೊತ್ತು ಮಾತ್ರ’ ಅಂದಾಗ ಅರ್ಧ ಕೆಲಸ ಮುಗಿದಿತ್ತು. ಬೆಳಿಗ್ಗೆ ಹೊತ್ತು ಬ್ಯಾಕಪ್ ಓಡುತ್ತಿತ್ತು. ಅದೇ ದೂರು ಮ್ಯಾನೇಜರ್ ಮೂಲಕ ಇಂಗ್ಲಿಷಿನಲ್ಲಿ ಬಂದಾಗ ‘ಸಿಸ್ಟಮ್ ಸ್ಲೋ’ ಅಂತ ಮಾತ್ರ ಇತ್ತು.

ನಮ್ಮದು ನಾಲ್ಕು ಕಂಪ್ಯೂಟರ್‌ನ ಸಣ್ಣ ಅಂಗಡಿ. ನಮಗೂ ಬೇಕಾ?

ಬೇಡ. ಬ್ಯಾಕಪ್ ಮಾಡಿ, ತಿಂಗಳಿಗೊಮ್ಮೆ ಅದನ್ನು ಬೇರೆ ಮೆಷಿನ್‌ನಲ್ಲಿ ತೆರೆದು ನೋಡಿ. ತೆರೆಯದಿದ್ದರೆ ಆಗ ಫೋನ್ ಮಾಡಿ.

ನಾನು ಡೆವಲಪರ್. ಕಂಪನಿಗಳು ಸಹಾಯ ಕೇಳ್ತವೆ, ದುಡ್ಡು ಕೇಳೋಕೆ ಸಂಕೋಚ.

ನಮಗೂ ಇತ್ತು. ಮೊದಲ ಇನ್‌ವಾಯ್ಸ್ ಕಳಿಸಲು ನನಗೆ ಒಂದು ವಾರ ಹಿಡಿಯಿತು. ಅವರು ಮರುದಿನವೇ ದುಡ್ಡು ಹಾಕಿದರು.

2024ರ ಮಾರ್ಚ್‌ನ ಎಕ್ಸ್‌ಝೆಡ್ ಪ್ರಕರಣ ನೆನಪಿದೆಯಲ್ಲ. ಬಹುತೇಕ ಎಲ್ಲ ಲಿನಕ್ಸ್‌ನಲ್ಲೂ ಇರುವ, ಫೈಲ್ ಕುಗ್ಗಿಸುವ ಒಂದು ಸಣ್ಣ ಲೈಬ್ರರಿ, ಅದನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಒಬ್ಬರೇ ಒಬ್ಬ ದಣಿದ ಮೇಂಟೇನರ್. ಸಹಾಯ ಮಾಡುತ್ತೇನೆ ಅಂತ ಬಂದವರು ವರ್ಷಗಟ್ಟಲೆ ನಂಬಿಕೆ ಗಳಿಸಿ ಕೊನೆಗೆ ಹಿಂಬಾಗಿಲು ಇಟ್ಟರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೆವಲಪರ್ ಬೆನ್ನು ಹತ್ತಿ ಹುಡುಕದಿದ್ದರೆ ಅದು ಎಲ್ಲ ಕಡೆ ಹರಡುತ್ತಿತ್ತು. ಬಿಟ್ಟಿ ಕೆಲಸ ಮಾಡಿ ಮಾಡಿ ಸುಸ್ತಾದವನ ಸಾಫ್ಟ್‌ವೇರ್ ಯಾರಿಗೂ ಕ್ಷೇಮ ಅಲ್ಲ. ನೀವು ದುಡ್ಡು ಕೇಳಿದರೆ ಬಳಸುವವರಿಗೂ ಒಳ್ಳೆಯದೇ.

ಪ್ರಾಜೆಕ್ಟ್‌ನ ರೀಡ್‌ಮಿಯಲ್ಲಿ ‘ದುಡ್ಡಿನ ಸಪೋರ್ಟ್ ಲಭ್ಯ’ ಅಂತ ಒಂದು ಸಾಲು ಮತ್ತು ನಿಮ್ಮ ಮೇಲ್ ಹಾಕಿ. ಏನು ಮಾಡುತ್ತೀರಿ ಅನ್ನುವುದಕ್ಕಿಂತ ಏನು ಮಾಡುವುದಿಲ್ಲ ಅನ್ನುವುದನ್ನು ಬರೆದಿಡಿ. ಬೇರೆ ಕಡೆ ಕೆಲಸದಲ್ಲಿದ್ದರೆ ಆಫರ್ ಲೆಟರ್ ತೆಗೆದು ಹೊರಗಿನ ಕೆಲಸದ ಷರತ್ತು ಓದಿ, ಮ್ಯಾನೇಜರ್ ಹತ್ತಿರ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅರ್ಧ ಹಣ ಮೊದಲೇ. ಪರಿಚಯದವರಿಗೂ ಹಾಗೇ. ಪರಿಚಯದವರಿಗೆ ಮುಖ್ಯವಾಗಿ.

ಸರಿ, ಎಲ್ಲಿಂದ ಶುರು ಮಾಡೋಣ?

ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಯಾವ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ. ಸರ್ವರ್ ಎಲ್ಲಿದೆ. ಕೊನೆಯ ಸಲ ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದು ನೋಡಿದ್ದು ಯಾವಾಗ. ರೂಟ್ (ಸರ್ವರ್‌ನ ಪೂರ್ತಿ ಅಧಿಕಾರದ) ಪಾಸ್‌ವರ್ಡ್ ಯಾರಿಗೆ ಗೊತ್ತು. ಆ ಹಾಳೆಯ ಫೋಟೋ ಕಳಿಸಿ, ಸಂಜೆಯೊಳಗೆ ಫೋನ್ ಮಾಡುತ್ತೇವೆ. ಮೊದಲ ಮಾತುಕತೆಗೆ ದುಡ್ಡಿಲ್ಲ.

ಯಾರಿಗೆ ಗೊತ್ತು ಅಂತಷ್ಟೇ ಬರೆಯಿರಿ. ಕಳೆದ ತಿಂಗಳು ಒಬ್ಬರು ಪಾಸ್‌ವರ್ಡನ್ನೇ ಬರೆದು ವಾಟ್ಸ್ಆ್ಯಪ್ ಮಾಡಿದ್ದರು.